ಒಂದು ದೀಪವನ್ನು ಮೆಲ್ಲಗೆ ಆರಿಸಲಾಗದ ಮಹಾಯಂತ್ರಕ್ಕೆ

ಜೀವನ್ ಬಿಮಾ ನಗರ, ಬೆಂಗಳೂರು
೧೮ ಅಕ್ಟೋಬರ್ ೨೦೦೩

ಶ್ರೀಮದ್ ಬಿಲ್ಡ್ ಮಷೀನ್ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ,
ಮಹಡಿ ಮೇಲಿನ ಆಫೀಸು, ಕಿಟಕಿ ಪಕ್ಕದ ಮೇಜಿನ ಅಡಿ.

ಮಾನ್ಯರೇ,

ಪ್ರೋಗ್ರಾಮು ಕಟ್ಟುವ ಕಂಪ್ಯೂಟರೆಂಬ ಬಿರುದು ಹೊತ್ತ, ಎಂಟು ಮಂದಿ ಬೆವರುವ ಆಫೀಸಿನಲ್ಲಿ ಮೂರು ಫ್ಯಾನುಗಳನ್ನು ತಮ್ಮೊಬ್ಬರ ಹೊಟ್ಟೆಯೊಳಗೇ ತಿರುಗಿಸಿಕೊಳ್ಳುವ, ಯುಪಿಎಸ್ಸಿನ ಬ್ಯಾಟರಿಯನ್ನು ಏಕಾಂಗಿಯಾಗಿ ನುಂಗಿ ತೇಗುವ, ಹನ್ನೊಂದು ಗಂಟೆ ಗುರುಗುಟ್ಟಿ ಕೊನೆಗೆ 'ಎರರ್' ಎಂಬ ಒಂದೇ ನುಡಿಮುತ್ತನ್ನು ಸಭೆಗೆ ದಯಪಾಲಿಸುವ ತಮ್ಮ ಘನತೆಗೆ, ಕೆ.ಆರ್. ಪುರದ ನಾಟಕದ ಮೇಷ್ಟ್ರು ಮುನಿನಾರಾಯಣಪ್ಪನವರ ಮಗನೂ ತಮ್ಮ ಕೀಬೋರ್ಡಿನ ಆಳೂ ಆದ ಕೆಂಪರಾಜ್ ಉದ್ದಂಡ ನಮಸ್ಕರಿಸಿ ಬಹುಪರಾಕು ಹೇಳುತ್ತಾನೆ. ತಾವು ಕ್ಷೇಮ ಎಂದು ಬಲ್ಲೆ. ತಮ್ಮ ತಲೆಯ ಮೇಲೆ ಚೆಂಡುಹೂವಿನ ಹಾರವಿದೆ, ಎದೆಯ ಗುಂಡಿಗೆ ಕುಂಕುಮವಿದೆ. ಕ್ಷೇಮವಲ್ಲದವನು ನಾನು. ಅದರ ವಿವರವನ್ನು ನಾಲ್ಕು ಜನರ ಮುಂದೆ ನಿವೇದಿಸುವುದಕ್ಕೇ ಈ ಬಹಿರಂಗ ಪತ್ರ.

ಮೊದಲಿಗೆ ನನ್ನ ತಂದೆಯವರ ಸಂಗತಿ. ನಮ್ಮೂರಲ್ಲಿ 'ವಜ್ರಕೇತು ಮಹಾರಾಜ' ಎಂಬ ನಾಟಕವಿದೆ. ಯಾವ ಮುದ್ರಣಾಲಯವನ್ನೂ ಕಾಣದೆ, ತಾತನ ಕಾಲದ ಒಬ್ಬ ಮೇಷ್ಟ್ರ ನೋಟ್ ಬುಕ್ಕಿನಲ್ಲೇ ಉಳಿದು ಬಂದದ್ದು. ಅದರ ಕೊನೆಯ ದೃಶ್ಯದಲ್ಲಿ ಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಮಹಾರಾಜ ಕಿರೀಟ ತೆಗೆದಿಟ್ಟು, ಸೂರ್ಯ ಮುಳುಗುವ ಹೊತ್ತಿಗೆ ಆರು ಮೆಟ್ಟಿಲಿಳಿದು ಕೆರೆಯೊಳಗೆ ಮರೆಯಾಗುತ್ತಾನೆ. ನೋಟ್ ಬುಕ್ಕಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ: 'ಬೆಳಕು ಮೆಲ್ಲಗೆ ಆರತಕ್ಕದ್ದು.' ೧೯೭೦ರ ಯುಗಾದಿಗೆ ನನ್ನಪ್ಪ ಮೊದಲ ಸಲ ಆ ಕಿರೀಟ ಇಟ್ಟರು. ಅಂದಿನಿಂದ ಮೂವತ್ತಮೂರು ವರ್ಷ ಆ ಬೆಳಕು ಮೆಲ್ಲಗೆ ಆರಿದ್ದೇ ಇಲ್ಲ. ಊರಿನ ಲೈಟಿನವನ ಕೈಯಲ್ಲಿದ್ದದ್ದು ಒಂದು ಸ್ವಿಚ್ಚು. ರಾಜ ಮೊದಲ ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಅವನು 'ಟಪ್' ಎಂದು ಆರಿಸುವನು; ಆ ಕ್ಷಣವೇ ಜನಸಮೂಹ "ಲೇ, ಕರೆಂಟ್ ಹೋಯ್ತು ಕಣ್ರೋ!" ಎಂದು ಬೊಬ್ಬೆ ಹಾಕುವುದು. ಒಬ್ಬ ಟಾರ್ಚು ಹಿಡಿದು ಟ್ರಾನ್ಸ್‌ಫಾರ್ಮರಿನ ಕಡೆ ಓಡುವನು, ಇನ್ನೊಬ್ಬ ಪೆಟ್ರೋಮ್ಯಾಕ್ಸ್ ಹೊತ್ತಿಸಿ ತರುವನು, ಆ ಬೆಳಕಿನಲ್ಲಿ, ಈಗಾಗಲೇ ಜಲಸಮಾಧಿಯಾದ ಮಹಾರಾಜರು ಬಟ್ಟೆಯ ಕೆರೆಯಲ್ಲಿ ಕೂತು ಬೆನ್ನು ಕೆರೆದುಕೊಳ್ಳುತ್ತಿರುವುದು ಇಡೀ ಊರಿಗೆ ಕಾಣುವುದು. "ಮೂವತ್ ಮೂರು ವರ್ಸ ಸತ್ತಿವ್ನಿ ಕಣಪ್ಪಾ, ಒಂದ್ ಕಿತಾನೂ ನೆಟ್ಟಗೆ ಸಾಯಾಕ್ ಬಿಟ್ಟಿಲ್ಲ" ಎಂದು ಅಪ್ಪ ಹೇಳುವಾಗ ನಾವು ನಗುತ್ತಿದ್ದೆವು. ಅವರು ಮಾತ್ರ ನಗುತ್ತಿರಲಿಲ್ಲ.

ಈ ವರ್ಷ ಅವರಿಗೆ ಎಪ್ಪತ್ತೊಂದು. ಮಂಡಿ ಸವೆದಿದೆ, ಇನ್ನು ಮೆಟ್ಟಿಲು ಹತ್ತಿಳಿಯಬೇಡಿ ಎಂದು ಡಾಕ್ಟರು ಹೇಳಿಯಾಗಿದೆ. ಹಾಗಾಗಿ ಅಕ್ಟೋಬರ್ ಹನ್ನೆರಡರ ಭಾನುವಾರ ಹಲಸೂರಿನ ಶಾಲೆಯೊಂದರ ಸಭಾಂಗಣದಲ್ಲಿ ನಡೆಯುವ ಆಟವೇ ಕಡೆಯದು, ಆಮೇಲೆ ಕಿರೀಟವನ್ನು ಪೆಟ್ಟಿಗೆಗೆ ಹಾಕಿಬಿಡುತ್ತೇನೆ ಎಂದರು. ಅದನ್ನು ಕೇಳಿದ ನಾನು ಎದೆಯುಬ್ಬಿಸಿ, ಅಡುಗೆಮನೆಯ ಪಾತ್ರೆಗಳು ನಡುಗುವಂತೆ ಗರ್ಜಿಸಿದೆ: "ಅಪ್ಪಾ, ಈ ಸಲ ನಿನ್ನ ಸೂರ್ಯನನ್ನು ನಾನು ಮುಳುಗಿಸ್ತೀನಿ. ಕಂಪ್ಯೂಟರಿನಲ್ಲಿ!" ಆ ಗರ್ಜನೆಯ ಹಿಂದೆ ಇದ್ದ ಏಕೈಕ ಸೈನ್ಯ ತಾವು.

ಯಾಕೆಂದರೆ ನಮ್ಮ ಆಫೀಸು ಆಗ ಕಲ್ಯಾಣ ಮಂಟಪಗಳ ದೀಪಗಳನ್ನು ಹಿಗ್ಗಿಸಿ ಕುಗ್ಗಿಸುವ ಒಂದು ಡಬ್ಬಿಯನ್ನು ತಯಾರು ಮಾಡುತ್ತಿತ್ತು. ಅದರೊಳಗೆ ಅಂಗೈಯಗಲದ ಒಂದು ಬೋರ್ಡು, ಬೋರ್ಡಿನ ಮೇಲೆ ಉಗುರಿನಷ್ಟು ಪ್ರೊಸೆಸರು. ಈ ಪ್ರೊಸೆಸರಿನ ಜಾತಿ ಬೇರೆ, ತಮ್ಮ ಪ್ರೊಸೆಸರಿನ ಜಾತಿ ಬೇರೆ. ತಮಗೆ ತಿಳಿಯುವ ಆಜ್ಞೆ ಅದಕ್ಕೆ ತಿಳಿಯದು, ಅದರದ್ದು ತಮಗೆ ತಿಳಿಯದು. ಡಬ್ಬಿ ಬದುಕಬೇಕಾದರೆ ಅದಕ್ಕೊಂದು ಆಪರೇಟಿಂಗ್ ಸಿಸ್ಟಂ ಬೇಕು, ನಾಟಕ ಕಂಪನಿಗೆ ಮ್ಯಾನೇಜರು ಬೇಕಾದ ಹಾಗೆ: ಅವನು ಬಂದು ಪರದೆ ಎತ್ತಿಸದ ಹೊರತು ಯಾವ ಪಾತ್ರವೂ ರಂಗಕ್ಕೆ ಬರುವಂತಿಲ್ಲ. ತನ್ನ ಮ್ಯಾನೇಜರನನ್ನು ತಾನೇ ಕಟ್ಟಿಕೊಳ್ಳುವಷ್ಟು ನೆನಪಿನ ಶಕ್ತಿ ಆ ಪುಟಾಣಿಗಿಲ್ಲ. ಆದ್ದರಿಂದ ದೈತ್ಯದೇಹಿಗಳಾದ ತಾವು ತಮ್ಮ ಹೊಟ್ಟೆಯಲ್ಲಿ, ಆದರೆ ಅದರ ಭಾಷೆಯಲ್ಲಿ, ಅವನನ್ನು ಕಟ್ಟಿಕೊಡಬೇಕು. ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ. ಕನ್ನಡದ ಮೇಷ್ಟ್ರು ತಮಿಳು ನಟನಿಗೆ ತಮಿಳಿನಲ್ಲೇ ಮಾತು ಬರೆದುಕೊಟ್ಟಂತೆ. ಶಿವಾಜಿನಗರದಿಂದ ಹಲಸೂರಿನವರೆಗೆ ತರಕಾರಿ ಮಾರುವವರೆಲ್ಲ ಹುಟ್ಟಿನಿಂದ ಮಾಡುವ ಕೆಲಸ. ತಾವು ಮಾತ್ರ ಅದನ್ನು ಅಶ್ವಮೇಧ ಯಾಗ ಮಾಡಿಬಿಟ್ಟಿರಿ.

ಮೊದಲ ಯಾಗ ಸೆಪ್ಟೆಂಬರಿನ ಕೊನೆಯ ವಾರ. ಹನ್ನೊಂದು ಗಂಟೆ ತಾವು ಪರದೆಯ ಮೇಲೆ ಮಂತ್ರಗಳನ್ನು ಸುರಿಸಿದಿರಿ. ಮುಗಿಯಿತು. ಎರರ್ ಇಲ್ಲ! ನನ್ನ ಕಣ್ಣಲ್ಲಿ ಆನಂದಬಾಷ್ಪ. ಡಬ್ಬಿಗೆ ತುಂಬಿಸಿ ಗುಂಡಿ ಒತ್ತಿದರೆ ಅದು ಕಲ್ಲಿನ ಹಾಗೆ ಕೂತಿತು. ಪಕ್ಕದ ಮೇಜಿನ ಯಮುನಾ, ತಮ್ಮ ಅಹಂಕಾರವನ್ನು ಅರ್ಥ ಮಾಡಿಕೊಂಡ ಏಕೈಕ ಮಾನವಿ, ಹತ್ತು ನಿಮಿಷ ನೋಡಿ ನಕ್ಕಳು. "ಕೆಂಪು, ಇದು ಡಬ್ಬಿ ಭಾಷೆ ಅಲ್ಲ ಕಣೋ. ಅರ್ಧದಲ್ಲಿ ಎಲ್ಲೋ ಮರ್ತುಬಿಟ್ಟು ತನ್ ಭಾಷೇಲೇ ಬರ್ಕೊಂಡಿದೆ. ಮೇಷ್ಟ್ರು ರಾಜನ ಪಾರ್ಟು ತಮಗೇ ಬರ್ಕೊಂಡಿದಾರೆ!" ಪರೀಕ್ಷೆ ಮಾಡಿದೆವು: ಡಬ್ಬಿಯಲ್ಲಿ ಸತ್ತುಬಿದ್ದ ಅದೇ ಪ್ರೋಗ್ರಾಮು ತಮ್ಮ ಮೈಯಲ್ಲಿ ಚಂಗನೆ ಕುಣಿಯಿತು. ಭಲಾ! ಭಲಾ! ಬೇರೆಯವರ ಮಗುವಿಗೆ ಅಂಗಿ ಹೊಲಿಯಿರಿ ಎಂದರೆ ತಮ್ಮ ಅಳತೆಗೇ ಹೊಲಿದುಕೊಂಡು ಕನ್ನಡಿಯ ಮುಂದೆ ನಿಂತ ತಮ್ಮ ಆತ್ಮಗೌರವಕ್ಕೆ ನನ್ನ ಹೃತ್ಪೂರ್ವಕ ಚಪ್ಪಾಳೆ.

ಎರಡನೆಯ ಯಾಗ ಆಯುಧ ಪೂಜೆಯ ಮುನ್ನಾದಿನ ಶುರುವಾಯಿತು. ಯಮುನಾ ತಮ್ಮ ನಾಲಿಗೆಯ ಮೇಲೆ ಕಾವಲು ಕೂರಿಸಿದ್ದಳು. ಡಬ್ಬಿಯ ಭಾಷೆ ಬಿಟ್ಟು ಬೇರೆ ನುಡಿದರೆ ಅಲ್ಲೇ ತಡೆಯುವಂತೆ. ಹಬ್ಬದ ಬೆಳಿಗ್ಗೆ ಇನ್ನು ನಲವತ್ತು ನಿಮಿಷದ ಕೆಲಸವಿದೆ ಎನ್ನುವಾಗ ನಮ್ಮ ಮಾಲೀಕರು ಚಲುವಯ್ಯನವರು ಬೂದುಗುಂಬಳಕಾಯಿ ಹಿಡಿದು ಆಗಮಿಸಿದರು. ಮೊದಲು ಸ್ಟೆಬಿಲೈಸರ್ ತಯಾರಿಸುತ್ತಿದ್ದವರು, ಲೇತು, ಡ್ರಿಲ್ಲು, ಸುತ್ತಿಗೆ ಎಲ್ಲವನ್ನೂ ಆ ದಿನ ತೊಳೆದು ಮಲಗಿಸಿ ರೂಢಿಯಿದ್ದವರು. "ಏನ್ರೀ ಇದು ಕೆಂಪರಾಜ್, ಹಬ್ಬದ ದಿನಾನೂ ಆಯುಧ ಓಡಿಸ್ತಿದೀರಲ್ರೀ? ಪಾಪ, ಅದಕ್ಕೂ ಒಂದಿನ ರೆಸ್ಟ್ ಬೇಡ್ವೇನ್ರೀ?" ಎಂದರು. "ಸಾರ್, ನಲವತ್ತೇ ನಿಮಿಷ" ಎಂದು ಕೈಮುಗಿದೆ. "ಆ ನಲವತ್ತು ನಿಮಿಷ ಸೋಮವಾರ ಓಡ್ಸಿ, ಎಲ್ಲಿ ಓಡಿಹೋಗುತ್ತೆ?" ಎಂದು ಗೋಡೆಯ ಮೇನ್ ಸ್ವಿಚ್ಚನ್ನು ಸ್ವಹಸ್ತದಿಂದ ಕೆಳಗೆಳೆದು, ಮಹಾಪ್ರಭುಗಳಾದ ತಮ್ಮ ಎದೆಗೆ ಕುಂಕುಮ ಹಚ್ಚಿ, ಮುಂದೆ ಕುಂಬಳಕಾಯಿ ಒಡೆದರು. ಬ್ಯಾಟರಿ ತಮ್ಮನ್ನು ಹತ್ತು ನಿಮಿಷ ಎತ್ತಿಹಿಡಿದು ಕೈಬಿಟ್ಟಿತು.

ಸೋಮವಾರ ತಾವು ಎದ್ದು ಮಾಡಿದ್ದೇನು? ಕರೆಂಟು ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಕಡತ ಅರ್ಧಕ್ಕೇ ನಿಂತಿತ್ತು. ಆದರೆ ಅದರ ಮೇಲೆ ಹೊಸ ತಾರೀಖು ಇತ್ತು. ತಾರೀಖು ಹೊಸದಾಗಿದ್ದರೆ ಕೆಲಸ ಮುಗಿದಿದೆ ಎಂದರ್ಥ ಎಂಬ ಸರ್ಕಾರಿ ಕಚೇರಿಯ ತತ್ವವನ್ನು ತಾವು ಯಾರ ಪಾದದಡಿ ಕಲಿತಿರೋ ಕಾಣೆ. ಅರ್ಧ ಕಡತವನ್ನು ಪೂರ್ತಿ ಎಂದು ನಂಬಿ, ಅದರ ಮೇಲೆ ಇಡೀ ಗೋಪುರ ಕಟ್ಟಿದಿರಿ. ಅದನ್ನು ಹುಡುಕಿ, ಒಡೆದು, ಮತ್ತೆ ಮೊದಲಿನಿಂದ ಹನ್ನೊಂದು ಗಂಟೆ.

ಮೂರನೆಯ ಯಾಗ ಶುಕ್ರವಾರ ಮಧ್ಯಾಹ್ನ ಪೂರ್ಣಾಹುತಿಗೆ ಬಂತು. ಪ್ರತಿ ಕಡತವೂ ಡಬ್ಬಿಯ ಭಾಷೆಯಲ್ಲೇ ಇತ್ತು. ಯಮುನಾ ಎರಡು ಸಲ ನೋಡಿದಳು. ಇನ್ನು ಉಳಿದದ್ದು, ಕಟ್ಟಿದ್ದನ್ನೆಲ್ಲ ಒಂದು ಪ್ರತ್ಯೇಕ ಜಾಗಕ್ಕೆ ಜೋಡಿಸಿಡುವ ಒಂದು ಆಜ್ಞೆ. ಆ ಆಜ್ಞೆಯ ಬಾಲದಲ್ಲಿ ಯಾವ ಜಾಗಕ್ಕೆ ಎಂದು ಹೇಳಬೇಕು. ಆ ಗಳಿಗೆಗೇ ಫೋನು ರಿಂಗಣಿಸಿತು. ಕೆ.ಆರ್. ಪುರದ ಬೂತಿನಿಂದ ಅಪ್ಪ. "ಏನಪ್ಪಾ, ಸೂರ್ಯ ಎಲ್ಲಿಗ್ ಬಂದ?" ಒಂದು ಕೈಯಲ್ಲಿ ರಿಸೀವರು, ಒಂದು ಕೈಯಲ್ಲಿ ಕೀಬೋರ್ಡು, ಕೊರಳಲ್ಲಿ ಹದಿನಾಲ್ಕು ಲೋಕದ ಜಂಭ. "ಬಂದ ಅಪ್ಪಾ, ಬಂದ, ಬಾಗಿಲಲ್ಲೇ ಅವ್ನೆ!" ಎನ್ನುತ್ತಾ, ಬಾಲವಿಲ್ಲದ ಆಜ್ಞೆಯನ್ನು ಬರೆದು, ಸರ್ವಾಧಿಕಾರವುಳ್ಳ ರೂಟ್ ಎಂಬ ಪಟ್ಟದಲ್ಲಿ ಕೂತು, ಎಂಟರ್ ಒತ್ತಿದೆ.

ಒತ್ತಿದವನು ನಾನು, ಒಪ್ಪಿದೆ. ಆದರೆ ಮಾನ್ಯರೇ, 'ಜಾಗ ಹೇಳಿಲ್ಲವಲ್ಲ ಕಂದಾ' ಎಂದು ಒಂದು ಮಾತು ಕೇಳಬಾರದಿತ್ತೇ? ಮಾತುಮಾತಿಗೆ ಎರರ್ ಹಾಕುವ ತಾವು ಅವತ್ತು ಮಾತ್ರ ಪರಮ ವಿಧೇಯರಾಗಿ, ಡಬ್ಬಿಗೆಂದು ಕಟ್ಟಿದ ಪರಭಾಷೆಯ ಲೈಬ್ರರಿಗಳನ್ನೆಲ್ಲ, ಎಂದರೆ ಎಲ್ಲ ಪ್ರೋಗ್ರಾಮುಗಳೂ ಆಧರಿಸಿ ನಿಲ್ಲುವ ಮೂಲ ಕಡತಗಳನ್ನೆಲ್ಲ, ತಮ್ಮ ಸ್ವಂತ ಲೈಬ್ರರಿಗಳ ಜಾಗದಲ್ಲೇ ತುರುಕಿಕೊಂಡುಬಿಟ್ಟಿರಿ. ತಮ್ಮ ಗಂಟಲನ್ನು ತಾವೇ ಕಿತ್ತು ಬೇರೊಬ್ಬರ ಗಂಟಲನ್ನು ಇಟ್ಟುಕೊಂಡಿರಿ. ಕಡತಗಳ ಪಟ್ಟಿ ತೋರಿಸಿ ಎಂದೆ, ಆಗದು. ನಕಲು ಮಾಡಿ ಎಂದೆ, ಆಗದು. ಅಳಿಸಿ ಎಂದೆ, ಅದೂ ಆಗದು. ಆ ಶವಾಸನದಲ್ಲಿ ತಮ್ಮಲ್ಲಿ ಉಸಿರಾಡುತ್ತಿದ್ದ ಆಜ್ಞೆ ಎಂದರೆ ನಾವು ಬರೆದದ್ದನ್ನೇ ಪರದೆಯ ಮೇಲೆ ತಿರುಗಿ ಬರೆಯುವ 'ಎಕೋ'. ನಾನು ಅಯ್ಯೋ ಎಂದು ಬರೆದೆ. ತಾವೂ ಅಯ್ಯೋ ಎಂದಿರಿ. ನಾಲ್ಕು ತಿಂಗಳ ನಮ್ಮ ಸಹವಾಸದಲ್ಲಿ ತಾವು ತೋರಿಸಿದ ಮೊದಲ ಸಹಾನುಭೂತಿ ಅದು.

ಶನಿವಾರವಿಡೀ ಮೂರು ಸಿ.ಡಿ.ಗಳಿಂದ ತಮಗೆ ಹೊಸದಾಗಿ ಪ್ರಾಣ ತುಂಬಿದ್ದಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಯಮುನಾ ನಾಲ್ಕನೆಯ ಯಾಗ ಹೂಡಿದಳು. ಒಂಬತ್ತಕ್ಕೆ ಹನ್ನೊಂದು ಸೇರಿಸಿದರೆ ರಾತ್ರಿ ಎಂಟು. ಮೂರಕ್ಕೆ ಶುರುವಾಗುವ ನಾಟಕದಲ್ಲಿ ಮಹಾರಾಜ ಕೆರೆಗಿಳಿಯುವುದು ಸಂಜೆ ಏಳಕ್ಕೆ. ತಮ್ಮ ಕಾಲುಗಳಿಗೆ ಬಿದ್ದು, ಒಂದೇ ಒಂದು ಗಂಟೆ ಮೊದಲು ಮುಗಿಸಿಕೊಡಿ ಎಂದು ಬೇಡಿ, ನಾನು ಹಲಸೂರಿಗೆ ಹೋದೆ.

ಅಲ್ಲಿ ದೀಪಗಳ ಗುತ್ತಿಗೆ ಹಿಡಿದಿದ್ದವನು ಶಿವಾಜಿನಗರದ ನಯಾಜ್. ಆಗಸ್ಟಿನಲ್ಲೇ ಅವನು "ಗುರು, ನನ್ ಹತ್ರ ಬೆಳಕು ಮೆಲ್ಲಗೆ ಇಳ್ಸೋ ಡಿಮ್ಮರ್ ಇದೆ, ತರ್ಲಾ?" ಎಂದು ಕೇಳಿದ್ದ. ನಾನು, ಅರಮನೆಯ ಬಾಗಿಲಲ್ಲಿ ಮಣ್ಣಿನ ಮಡಕೆ ಮಾರಲು ಬಂದವನನ್ನು ನೋಡುವಂತೆ ನೋಡಿ, "ಡಿಮ್ಮರಾ? ನಮ್ಮದು ಕಂಪ್ಯೂಟರೈಸ್ಡ್" ಎಂದಿದ್ದೆ. ಈಗ ಸಂಜೆ ಐದಕ್ಕೆ ಅವನ ಮುಂದೆ ತಲೆ ತಗ್ಗಿಸಿ ನಿಂತೆ. "ಸೂಪರ್ ಗುರು" ಎಂದ ನಯಾಜ್. "ಡಿಮ್ಮರ್ ಈಗ ಹೊಸಕೋಟೆ ಆರ್ಕೆಸ್ಟ್ರಾದಲ್ಲಿ ಮಜಾ ಮಾಡ್ತಾ ಇದೆ. ನನ್ ಹತ್ರ ಇರೋದು ಸ್ವಿಚ್ಚು. ಟಪ್ ಅನ್ನಿಸ್ಲಾ?" ರಂಗದ ಮೇಲೆ ಅಪ್ಪ ಮೂರನೆಯ ಅಂಕದ ಕಂದಪದ್ಯ ಹಾಡುತ್ತಿದ್ದರು. ಮತ್ತೊಮ್ಮೆ ಕರೆಂಟ್ ಹೋಯಿತೆಂದು ಜನ ಕೂಗುವುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು. ಯಮುನಾಳಿಗೆ ಫೋನು ಮಾಡಿದರೆ, "ಇನ್ನೂ ಲೈಬ್ರರಿ ಕಟ್ತಾ ಕೂತಿದೆ ಮಾರಾಯಾ, ಬೈದ್ರೂ ಓಡಲ್ಲ" ಎಂದಳು.

ಆಗ ಪಕ್ಕದ ಪರದೆಯ ಮರೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ನಯಾಜನ ಅಜ್ಜಿ ಇಮಾಮ್ ಬೀ, ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಅವರ ಯಜಮಾನರು ಐವತ್ತು ವರ್ಷದ ಹಿಂದೆ ಕಂಟೋನ್ಮೆಂಟಿನ ನಾಟಕಗಳಿಗೆ ಬೆಳಕು ಹಾಕುತ್ತಿದ್ದವರು. "ಆ ಡಬ್ಬಾ ಬಿಡೋ ಬೇಟಾ. ಒಂದು ಉಪ್ಪಿನಕಾಯಿ ಬರಣಿ ತಾ. ಎರಡು ಸ್ಟೀಲ್ ತಟ್ಟೆ ತಾ. ಒಂದು ಪ್ಯಾಕೆಟ್ ಉಪ್ಪು. ಏ ನಯಾಜ್, ಕ್ಯಾ ದೇಕ್ರಾ? ವೈರ್ ಬಿಚ್ಚು." ಶಾಲೆಯ ಎದುರು ಮನೆಯವರ ನಿಂಬೆ ಉಪ್ಪಿನಕಾಯಿ ಬರಣಿ ಖಾಲಿಯಾಯಿತು. ನೀರು ತುಂಬಿ, ಒಂದು ತಟ್ಟೆ ತಳಕ್ಕೆ ಇಳಿಸಿ, ಇನ್ನೊಂದನ್ನು ಅದರ ಮೇಲೆ ನೈಲಾನ್ ಹಗ್ಗದಲ್ಲಿ ತೂಗಿಬಿಟ್ಟು, ಸೂರ್ಯನ ದೀಪಕ್ಕೆ ಹೋಗುವ ಕರೆಂಟು ಈ ಎರಡು ತಟ್ಟೆಗಳ ನಡುವಿನ ಉಪ್ಪುನೀರನ್ನು ದಾಟಿ ಹೋಗುವಂತೆ ನಯಾಜ್ ಜೋಡಿಸಿದ. ತಟ್ಟೆ ಹತ್ತಿರ ಇದ್ದರೆ ದೀಪ ಪ್ರಖರ, ಮೇಲಕ್ಕೆಳೆದಷ್ಟೂ ಮಂದ. ಉಪ್ಪನ್ನು ಮಾತ್ರ ಇಮಾಮ್ ಬೀ ತಮ್ಮ ಕೈಯಿಂದಲೇ, ಸಾರಿನ ರುಚಿ ನೋಡುವವರಂತೆ ದೀಪವನ್ನು ನೋಡಿ ನೋಡಿ ಹಾಕಿದರು. "ಜಾಸ್ತಿ ಆದ್ರೆ ನಿಮ್ಮ ರಾಜ ಸಾಯಲ್ಲ. ಕಮ್ಮಿ ಆದ್ರೆ ಹುಟ್ಟೋದೇ ಇಲ್ಲ."

ಇನ್ನು ಕೇಳಿ, ಮಹಾಪ್ರಭುಗಳೇ, ಕಿವಿಯಿದ್ದರೆ ನಿಮಿರಿಸಿಕೊಂಡು ಕೇಳಿ! ಏಳು ಗಂಟೆಗೆ ಅಪ್ಪ ಕಿರೀಟ ತೆಗೆದಿಟ್ಟರು. ಮಂಡಿ ಕೈಕೊಟ್ಟರೆ ಹಿಡಿಯುವುದಕ್ಕೆಂದು ನಾನು ನೀಲಿ ಬಟ್ಟೆಯ ಕೆರೆಯೊಳಗೆ ಕುಕ್ಕರಗಾಲಲ್ಲಿ ಕೂತಿದ್ದೆ. ಮರೆಯಲ್ಲಿ ನಯಾಜ್ ರಬ್ಬರ್ ಚಪ್ಪಲಿಯ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದ, ಇಮಾಮ್ ಬೀ ಪಿಸುಗುಟ್ಟುತ್ತಿದ್ದರು: "ಎತ್ತು... ಎತ್ತು... ಆತುರ ಯಾಕೆ? ರಾಜ ಇನ್ನೂ ಮೂರನೇ ಮೆಟ್ಲು..." ಬರಣಿಯ ನೀರು ಕಾದು ಹಬೆಯೆದ್ದಿತು, ಆ ಹಬೆ ಯಾರೂ ಹೇಳದೆ ತಾನೇ ತೆವಳಿ ಬಂದು ಕೆರೆಯ ಮೇಲೆ ಮಂಜಾಗಿ ನಿಂತಿತು. ಬೆಳಕು ಹಳದಿಯಾಯಿತು, ಕೆಂಪಾಯಿತು, ಅಪ್ಪನ ಕೆನ್ನೆಯ ಬಣ್ಣ ತಾಮ್ರದಂತಾಯಿತು. ಐದು. ಆರು. ಕತ್ತಲು. ಮುನ್ನೂರು ಜನ ಕೂತ ಸಭೆಯಲ್ಲಿ ಒಬ್ಬನಾದರೂ ಕರೆಂಟು ಎಂದು ಕೂಗಲಿಲ್ಲ. ಆ ಕತ್ತಲಲ್ಲಿ ಅಪ್ಪನ ಕೈ ನನ್ನ ಹೆಗಲನ್ನು ಹುಡುಕಿ ಹಿಡಿದುಕೊಂಡಿತು. "ಸತ್ತೆ ಕಣಪ್ಪಾ" ಎಂದರು, ಮೆಲ್ಲಗೆ, ಮಗುವಿನ ಹಾಗೆ ಹಿಗ್ಗಿ. "ಈ ಸಲ ಸತ್ತೆ."

ತಾವು ಎರಡೂವರೆ ಮೈಲಿ ದೂರದಲ್ಲಿ, ಎಂಟು ಗಂಟೆ ಹತ್ತು ನಿಮಿಷಕ್ಕೆ, ಮಹಾರಾಜರು ಬಣ್ಣ ಒರೆಸಿಕೊಂಡು ಚಿತ್ರಾನ್ನ ತಿನ್ನುತ್ತಿದ್ದಾಗ, ಒಂದೂ ಎರರ್ ಇಲ್ಲದೆ ಯಶಸ್ವಿಯಾಗಿ ಮುಗಿಸಿದಿರಂತೆ. ಅಭಿನಂದನೆಗಳು!

ಇಲ್ಲಿಗೆ ಮುಗಿದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅಪ್ಪ ಆ ಮಂಡಿ ಇಟ್ಟುಕೊಂಡು ಕೆ.ಆರ್. ಪುರದಿಂದ ಬಸ್ಸು ಹತ್ತಿ, ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದು, ನಮ್ಮ ಮಹಡಿಯ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದರು. ತಮಗೆ ಹಾರ ಹಾಕಿದರು. ತಮ್ಮ ತಗಡಿನ ಬೆನ್ನು ತಟ್ಟಿ, "ಭೇಷ್ ಮಗನೇ, ಏನ್ ಚೆಂದಾಗ್ ಮುಳುಗಿಸ್ದೆ" ಎಂದರು. ಯಮುನಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ತಾವು? ತಾವು ಗುರ್ರೆಂದು ಸ್ವೀಕರಿಸಿದಿರಿ! ಮೂರು ಸಲ ಕೈಕೊಟ್ಟು, ನಾಲ್ಕನೆಯ ಸಲ ತಡವಾಗಿ ಬಂದ ದೇಹ, ಸನ್ಮಾನಕ್ಕೆ ಮಾತ್ರ ಒಂದು ಸೆಕೆಂಡೂ ತಡಮಾಡಲಿಲ್ಲ. ನಯಾಜನಿಗೆ ಹೋಗಿ ಹೇಳಿಕೊಂಡರೆ, "ಬಿಡು ಗುರು, ಲೈಟ್ ಹಾಕೋರ್ ಹೆಸ್ರು ಮೈಕಲ್ಲಿ ಯಾವತ್ ಹೇಳಿದಾರೆ ಅಂತ ದಾದಿ ನಗ್ತಾ ಇದ್ರು" ಎನ್ನುತ್ತಾನೆ. ಇಮಾಮ್ ಬೀ ಅವರ ಆ ನಗುವೇ ನನಗೆ ಈ ವಾರವಿಡೀ ಊಟ ಇಳಿಯದಂತೆ ಮಾಡಿದೆ.

ಆದ ಕಾರಣ ಈ ಕೆಳಗಿನ ಸುಲಭ ಕೋರಿಕೆಗಳನ್ನು ಮನ್ನಿಸಬೇಕು. ತಾವು ಮೇಜಿನ ಅಡಿಯಿಂದ ಎದ್ದು, ತಮ್ಮ ತಲೆಯ ಹಾರವನ್ನು ತಾವೇ ತೆಗೆದು, ಬಸ್ಸಿನಲ್ಲಿ ನಿಂತುಕೊಂಡೇ ಶಿವಾಜಿನಗರಕ್ಕೆ ಹೋಗಿ, ಇಮಾಮ್ ಬೀ ಅವರ ಕೈಗೊಪ್ಪಿಸಿ ಬರತಕ್ಕದ್ದು. ಹಾಗೆಯೇ ಅವರ ಬಳಿ ಒಂದು ವರ್ಷ ಉಪ್ಪಿನ ಹದ ಕಲಿಯತಕ್ಕದ್ದು. ಎದುರು ಮನೆಯವರಿಗೆ ನಿಂಬೆ ಉಪ್ಪಿನಕಾಯಿ ಹಾಕಿಕೊಡತಕ್ಕದ್ದು. ಇದ್ಯಾವುದೂ ಸಾಧ್ಯವಿಲ್ಲವಾದರೆ, ನಾನೇ ಮಾಡಬೇಕಾದ ಒಂದನ್ನು ಮಾಡುತ್ತೇನೆ. ನಾಡಿದ್ದು ಸೋಮವಾರ ಹೊಸ ಹಾರ ಹಾಕಲು ಅಪ್ಪ ಮತ್ತೆ ಬರುವವರಿದ್ದಾರೆ. ಮುಖ ನೋಡಿ ಹೇಳುವ ಎದೆಗಾರಿಕೆ, ಇಷ್ಟು ಗರ್ಜಿಸುವ ನನಗಿಲ್ಲ. ಈ ಪತ್ರವನ್ನು ತಮ್ಮ ಹಣೆಗೇ ಅಂಟಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಅವರೇ ಓದಿಕೊಳ್ಳಲಿ. ಓದಿದ ಮೇಲೆ ಆ ಹಾರ ಹಿಡಿದು ಅವರು ಯಾವ ಬಸ್ಸು ಹತ್ತುತ್ತಾರೆಂದು ನನಗೆ ಗೊತ್ತು. ಜೊತೆಗೆ ಹೋಗಿ, ಮೆಟ್ಟಿಲಿಳಿಯುವಾಗ ಹೆಗಲು ಕೊಡುತ್ತೇನೆ.

ಇಷ್ಟು ವಿಳಂಬದ ನಡುವೆಯೂ ಬಿಡುವು ಮಾಡಿಕೊಂಡು ಈ ಅಹವಾಲನ್ನು ಓದದೇ ಇರುವುದಕ್ಕಾಗಿ ಮುಂಚಿತವಾಗಿ ವಂದನೆಗಳನ್ನು ಸಲ್ಲಿಸುವ,

ತಮ್ಮ ವಿಶ್ವಾಸಿ, ಆದರೆ ತಮ್ಮ ಮೇಲೆ ವಿಶ್ವಾಸವಿಲ್ಲದ,
ಕೆಂಪರಾಜ್
(ಬಿನ್ ಮುನಿನಾರಾಯಣಪ್ಪ, ನಿವೃತ್ತ ಮಹಾರಾಜರು)

ಮರೆತ ಮಾತು: ತಾವು ಕಟ್ಟಿದ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಡಬ್ಬಿ ನಿನ್ನೆ ಕೊನೆಗೂ ಕಣ್ಣು ಬಿಟ್ಟಿತು. ಗಡಿಯಾರಕ್ಕೆ ಬ್ಯಾಟರಿ ಇಲ್ಲದ ಕಾರಣ ತನ್ನ ಎಣಿಕೆಯ ಮೊದಲ ದಿನಕ್ಕೇ ಹೋಗಿ ಕೂತು, ಇವತ್ತಿನ ತಾರೀಖು ೧ ಜನವರಿ ೧೯೭೦ ಎಂದು ಘಂಟಾಘೋಷವಾಗಿ ಸಾರುತ್ತಿದೆ. ಆ ಲೆಕ್ಕದಲ್ಲಿ ತಾವು ತಡಮಾಡಿಯೇ ಇಲ್ಲ. ಅಪ್ಪನಿಗೆ ಇನ್ನೂ ಮೂವತ್ತೆಂಟು, ಮಂಡಿ ಗಟ್ಟಿ, ಮೊದಲ ಆಟ ಬರುವ ಯುಗಾದಿಗೆ. ಮೂರು ತಿಂಗಳು ಪೂರ್ತಿ ಕೈಯಲ್ಲಿದೆ, ಮಾನ್ಯರೇ. ದಯವಿಟ್ಟು ಈಗಲೇ ಶುರು ಮಾಡಿ. ಆಗದಿದ್ದರೆ ಬೇಗ ತಿಳಿಸಿ, ಬರಣಿ ತೊಳೆದಿಟ್ಟಿದ್ದೇನೆ.